ಸತ್ಯ ಒಂದೇ ಅನ್ನುವ ಕ್ರೈಸ್ತರು: ಪದೇ ಪದೇ ಕೇಳುವ ಪ್ರಶ್ನೆಗಳು

ಯುವಜನ ಕೂಟದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಎದುರಾಗುವ ಪ್ರಶ್ನೆಗಳಿವು. ಕೆಲವನ್ನು ಕ್ರೈಸ್ತರೇ ಕೇಳುತ್ತಾರೆ, ಕೆಲವನ್ನು ಕ್ರೈಸ್ತರಿಗೆ ಕೇಳುತ್ತಾರೆ. ಉತ್ತರ ಬರೆದಿರುವುದು ಈ ನಂಬಿಕೆಯ ಒಳಗೆ ನಿಂತು. ಯಾರ ಕಡೆಗೂ ಸೇರದ ತೀರ್ಪುಗಾರನ ವೇಷ ಹಾಕುವುದು ನನಗೆ ಬರುವುದಿಲ್ಲ, ಇಲ್ಲಿ ಅದರ ಅಗತ್ಯವೂ ಇಲ್ಲ.

ನಿರಪೇಕ್ಷ ಸತ್ಯ ಅಂದರೆ ಏನು?

ನಾನು ನಂಬಲಿ ಬಿಡಲಿ, ನನ್ನ ಊರಿನವರು ಒಪ್ಪಲಿ ಬಿಡಲಿ, ಇದ್ದದ್ದು ಇದ್ದ ಹಾಗೇ ಇರುತ್ತದೆ ಅನ್ನುವುದು. ದೇವರು ಇದ್ದಾನೆ ಅನ್ನುವುದು ನಿಜವಾದರೆ ನಾಸ್ತಿಕನಿಗೂ ಇದ್ದಾನೆ. ಇಲ್ಲ ಅನ್ನುವುದು ನಿಜವಾದರೆ ಭಾನುವಾರ ಸಾಲಾಗಿ ಕೂತು ಹಾಡುವ ನಮಗೂ ಇಲ್ಲ. ಮಾತು ಇಷ್ಟೇ. ಇದರಲ್ಲಿ ಕ್ರೈಸ್ತರದೇ ಅಂತ ವಿಶೇಷವಾದದ್ದು ಇನ್ನೂ ಏನೂ ಬಂದಿಲ್ಲ.

ಹಾಗಾದರೆ ಸಾಪೇಕ್ಷತಾವಾದ? ಐನ್‌ಸ್ಟೈನ್ ಕೂಡ ಅದನ್ನೇ ಹೇಳಿದ್ದಲ್ಲವೇ?

ಸತ್ಯ, ಒಳಿತು, ಕೆಡುಕು ಎಲ್ಲವೂ ನೋಡುವವನಿಗೆ, ಅವನ ಸಮಾಜಕ್ಕೆ, ಅವನ ಕಾಲಕ್ಕೆ ತಕ್ಕ ಹಾಗೆ ಬೇರೆಯಾಗುತ್ತವೆ, ಅದರಾಚೆಗೆ ಎಲ್ಲರನ್ನೂ ಅಳೆಯುವ ಕೋಲು ಇಲ್ಲ ಅನ್ನುವುದು ಸಾಪೇಕ್ಷತಾವಾದ. ಐನ್‌ಸ್ಟೈನ್‌ಗೂ ಇದಕ್ಕೂ ಸಂಬಂಧವಿಲ್ಲ. 1905ರ ಅವರ ಸಿದ್ಧಾಂತ ನಿಂತಿರುವುದೇ ಬೆಳಕಿನ ವೇಗ ಎಲ್ಲ ವೀಕ್ಷಕರಿಗೂ ಒಂದೇ ಅನ್ನುವ ತಳಹದಿಯ ಮೇಲೆ: ಸೆಕೆಂಡಿಗೆ 29,97,92,458 ಮೀಟರ್. ಅದು ಬೆಂಗಳೂರಿಗೊಂದು ಬರ್ಲಿನ್‌ಗೊಂದು ಆಗುವುದಿಲ್ಲ.

"ನಿರಪೇಕ್ಷ ಸತ್ಯ ಇಲ್ಲ" ಅನ್ನುವುದೇ ಒಂದು ನಿರಪೇಕ್ಷ ಮಾತು ಅಂದುಬಿಟ್ಟರೆ ವಾದ ಮುಗಿಯಿತಲ್ಲ?

ತರ್ಕ ಸರಿಯಾಗಿದೆ, ಹಳೆಯದೂ ಹೌದು. "ಮನುಷ್ಯನೇ ಎಲ್ಲದರ ಅಳತೆಗೋಲು" ಅಂದ ಹಳೆಯ ಗ್ರೀಕ್ ಚಿಂತಕ ಪ್ರೊಟಾಗೊರಸ್‌ಗೆ ಪ್ಲೇಟೊ ಹಾಕಿದ ಪಟ್ಟು ಹೆಚ್ಚುಕಡಿಮೆ ಇದೇ: ಎಲ್ಲರ ಅಭಿಪ್ರಾಯವೂ ನಿಜವಾದರೆ, "ಪ್ರೊಟಾಗೊರಸ್ ಹೇಳುವುದು ತಪ್ಪು" ಅನ್ನುವವರ ಅಭಿಪ್ರಾಯವೂ ನಿಜವಾಗಬೇಕಲ್ಲ?

ಆದರೆ ಈ ಪಟ್ಟನ್ನು ಗೆಳೆಯರ ಮೇಲೆ ಪ್ರಯೋಗಿಸಬೇಡಿ ಅಂತಲೇ ನನ್ನ ಸಲಹೆ. "ನಿಮ್ಮ ಸತ್ಯ ನಿಮಗೆ, ನಮ್ಮದು ನಮಗೆ" ಅನ್ನುವವರಲ್ಲಿ ಹೆಚ್ಚಿನವರು ಜ್ಞಾನಮೀಮಾಂಸೆ, ಅಂದರೆ ಅರಿವು ಎಂದರೇನು ಅನ್ನುವ ತತ್ತ್ವಶಾಸ್ತ್ರ, ಮಂಡಿಸುತ್ತಿರುವುದಿಲ್ಲ. ಊಟದ ಹೊತ್ತಿನಲ್ಲಿ ಜಗಳ ಬೇಡ ಅನ್ನುತ್ತಿರುತ್ತಾರೆ. ಧರ್ಮದ ಹೆಸರಲ್ಲಿ ಬೀದಿಗೆ ಬಂದ ಜಗಳಗಳನ್ನು ಕಂಡವರಿಗೆ ಅದು ಕಲಿತ ನಡವಳಿಕೆ, ಮೆಚ್ಚಬೇಕಾದ ನಡವಳಿಕೆಯೂ ಹೌದು. ಅದಕ್ಕೆ ತರ್ಕಶಾಸ್ತ್ರದ ಉತ್ತರ ಕೊಟ್ಟರೆ ವಾದ ಗೆಲ್ಲುತ್ತೀರಿ, ಗೆಳೆಯ ಎದ್ದು ಕೈ ತೊಳೆಯಲು ಹೋಗುತ್ತಾನೆ.

ಕ್ರೈಸ್ತರಿಗೆ ಸತ್ಯ ಅಂದರೆ ಬೈಬಲ್‌ನಲ್ಲಿರುವ ಸಿದ್ಧಾಂತಗಳೇ?

ಸಿದ್ಧಾಂತಗಳು ಇವೆ, ಬೇಕು ಕೂಡ. ಆದರೆ ಬೇರು ಅಲ್ಲಿಲ್ಲ. ಯೋಹಾನನ ಸುವಾರ್ತೆಯಲ್ಲಿ (ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಲ್ಲಿ ಒಂದು) ಯೇಸು "ನಾನು ಸತ್ಯವನ್ನು ಕಲಿಸುತ್ತೇನೆ" ಅನ್ನುವಲ್ಲಿಗೆ ನಿಲ್ಲುವುದಿಲ್ಲ. "ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ" ಅನ್ನುತ್ತಾನೆ. ಅದೂ ಎಲ್ಲಿ? ಪಂಡಿತರ ಸಭೆಯಲ್ಲಿ ಅಲ್ಲ; ಯೇಸುವನ್ನು ಹಿಡಿದುಕೊಡುವ ಶಿಷ್ಯ ಆಗಲೇ ಊಟದಿಂದ ಎದ್ದು ಹೋಗಿರುವ ರಾತ್ರಿ, ದಾರಿಯೇ ಗೊತ್ತಿಲ್ಲ ಅಂತ ದಿಗಿಲುಗೊಂಡ ಇನ್ನೊಬ್ಬ ಶಿಷ್ಯ ತೋಮನಿಗೆ.

ಅದೇ ಸುವಾರ್ತೆಯ 18ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಇನ್ನೂ ಬೆಳಗಿನ ಜಾವ. ಖೈದಿ ಯೇಸುವನ್ನು ಕರೆತಂದವರು ರೋಮನ್ ಅರಮನೆಯ ಒಳಗೆ ಕಾಲಿಡುವುದಿಲ್ಲ, ಹಬ್ಬದ ಊಟಕ್ಕೆ ಮೈಲಿಗೆಯಾದೀತು ಅಂತ. ಹಾಗಾಗಿ ದೇಶಾಧಿಪತಿ ಪಿಲಾತನೇ ಹೊರಗೆ ಬರುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ, ಮತ್ತೆ ಹೊರಗೆ. ಒಳಗೆ ಕೈಕಟ್ಟಿಸಿಕೊಂಡು ನಿಂತ ಖೈದಿ ಹೇಳುತ್ತಾನೆ: ಸತ್ಯಕ್ಕೆ ಸಾಕ್ಷಿ ಹೇಳುವುದಕ್ಕೇ ನಾನು ಈ ಲೋಕಕ್ಕೆ ಬಂದದ್ದು. ಪಿಲಾತ ಕೇಳುತ್ತಾನೆ: "ಸತ್ಯ ಅಂದರೇನು?" ಕೇಳಿದವನು ಉತ್ತರಕ್ಕೆ ನಿಲ್ಲುವುದಿಲ್ಲ, ತಕ್ಷಣ ಹೊರಗೆ ಹೋಗಿ "ಇವನಲ್ಲಿ ನನಗೆ ಯಾವ ಅಪರಾಧವೂ ಕಾಣಿಸುವುದಿಲ್ಲ" ಅನ್ನುತ್ತಾನೆ. ಆಮೇಲೆ ಅದೇ ನಿರಪರಾಧಿಗೆ ಚಾಟಿ ಏಟು ಹಾಕಿಸಿ ಶಿಲುಬೆಗೆ ಒಪ್ಪಿಸುತ್ತಾನೆ.

ಪಿಲಾತನನ್ನು ಆಧುನಿಕ ಸಾಪೇಕ್ಷತಾವಾದಿಗಳ ಮೂಲಪುರುಷ ಅಂತ ಮಾಡುವ ಪ್ರಸಂಗಗಳನ್ನು ನೀವೂ ಕೇಳಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಅವನು ಸುಸ್ತಾದ ಅಧಿಕಾರಿ. ಸತ್ಯ ಅವನಿಗೆ ಗೊತ್ತಿತ್ತು, ನಿರಪರಾಧಿ ಅಂತ ಬಾಯಿಬಿಟ್ಟು ಹೇಳಿದ. ಅದಕ್ಕೆ ತಕ್ಕ ಹಾಗೆ ನಡೆಯುವ ಬೆಲೆ ಅವನಿಗೆ ಜಾಸ್ತಿಯಾಯಿತು. ಇದು ಯಾವ ಮತದವರಿಗೂ ಅಪರಿಚಿತವಾದ ಸಂಗತಿಯಲ್ಲ.

ಸತ್ಯ ಒಬ್ಬ ವ್ಯಕ್ತಿ ಅನ್ನುವುದರಿಂದ ಒಂದು ಮುಖ್ಯ ಪರಿಣಾಮವಿದೆ. ಸಿದ್ಧಾಂತವನ್ನು ಕಂಠಪಾಠ ಮಾಡಿ "ನನ್ನ ಹತ್ತಿರ ಇದೆ" ಅನ್ನಬಹುದು. ವ್ಯಕ್ತಿಯನ್ನು ಹಾಗೆ ಜೇಬಿಗೆ ಹಾಕಿಕೊಳ್ಳಲಾಗದು. ಕ್ರೈಸ್ತ ಸತ್ಯದ ಮಾಲೀಕನಲ್ಲ. ಸತ್ಯದ ಮಾತು ಕೇಳಬೇಕಾದವನು, ಅದರಿಂದ ಆಗಾಗ ಬೈಸಿಕೊಳ್ಳಬೇಕಾದವನು. ಕೆಳಗಿನ ಮುಕ್ಕಾಲು ಉತ್ತರಗಳು ಇದರಿಂದಲೇ ಬರುತ್ತವೆ.

ಇದೆಲ್ಲ ನಂಬಿಕೆ ತಾನೇ? ಸತ್ಯ ಅಂತ ಯಾಕೆ ಕರೆಯುತ್ತೀರಿ?

ಯಾಕೆಂದರೆ ಇದು ನಡೆದ ಘಟನೆಯ ಮೇಲೆ ನಿಂತಿರುವ ಮಾತು, ನಡೆದಿಲ್ಲವಾದರೆ ಬಿದ್ದುಹೋಗುವ ಮಾತು. ಆದಿ ಕ್ರೈಸ್ತರ ಪ್ರಚಾರಕ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ಕ್ರಿಸ್ತ ಸತ್ತ ಮೇಲೆ ಮತ್ತೆ ಬದುಕಿ ಎದ್ದು ಬರದಿದ್ದರೆ ನಮ್ಮ ಪ್ರಸಂಗವೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ, ನಮ್ಮಂಥ ನಿರ್ಭಾಗ್ಯರು ಯಾರೂ ಇಲ್ಲ. ಈ ಪತ್ರ ಬರೆದದ್ದು ಕ್ರಿ.ಶ. 50ರ ದಶಕದ ನಡುವಿನಲ್ಲಿ, ಘಟನೆಯಾಗಿ ಸುಮಾರು 25 ವರ್ಷಕ್ಕೆ. ಎದ್ದು ಬಂದವನನ್ನು ಕಂಡವರು 500ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಬೇಕಾದರೆ ಹೋಗಿ ಕೇಳಿ ಅನ್ನುವ ಧಾಟಿ ಅದು.

ನಾವು ಆರಾಧನೆಯಲ್ಲಿ ಹೇಳುವ ವಿಶ್ವಾಸಪ್ರಮಾಣದಲ್ಲಿ, ಅಂದರೆ ನಮ್ಮ ನಂಬಿಕೆಯ ಸಾರಾಂಶದಲ್ಲಿ, ದೇವರು, ಯೇಸು, ಮರಿಯಳ ನಡುವೆ ಪೊಂತ್ಯ ಪಿಲಾತ ಅನ್ನುವ ಒಬ್ಬ ಸರ್ಕಾರಿ ಅಧಿಕಾರಿಯ ಹೆಸರು ಬರುತ್ತದೆ. ವಾರವಾರ ಹೇಳಿ ನಮಗೆ ಅಭ್ಯಾಸವಾಗಿ ವಿಚಿತ್ರ ಅನ್ನಿಸುವುದಿಲ್ಲ. ಆದರೆ ಅದರ ಉದ್ದೇಶವೇ ಇದು: "ಒಂದಾನೊಂದು ಕಾಲದಲ್ಲಿ" ಅಲ್ಲ, ಇಂಥವನ ಆಳ್ವಿಕೆಯಲ್ಲಿ. ಆ ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿತು. ಅವನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾದದ್ದನ್ನು ರೋಮಿನ ಇತಿಹಾಸಕಾರ ಟ್ಯಾಸಿಟಸ್, ಕ್ರೈಸ್ತರ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲದವನು, ಬರೆದಿಟ್ಟಿದ್ದಾನೆ.

ಕಲ್ಲು ಸಿಕ್ಕಿದರೆ ಪುನರುತ್ಥಾನ ಸಾಬೀತಾಗುವುದಿಲ್ಲ, ಗೊತ್ತು. ನಾನು ಹೇಳುತ್ತಿರುವುದು ಬೇರೆ. "ನನಗೆ ಯೇಸು ಎದ್ದಿದ್ದಾನೆ, ನಿನಗೆ ಎದ್ದಿಲ್ಲ" ಅನ್ನುವ ಹಾಗೆ ಇದನ್ನು ಹಂಚಿಕೊಳ್ಳಲು ಬರುವುದಿಲ್ಲ. ಸಮಾಧಿ ಬರಿದಾಗಿತ್ತು, ಇಲ್ಲವೇ ಇರಲಿಲ್ಲ.

"ಏಕಂ ಸತ್, ವಿಪ್ರಾ ಬಹುಧಾ ವದಂತಿ" ಅನ್ನುವ ನಾಡಿನಲ್ಲಿ ಒಂದೇ ದಾರಿ ಅನ್ನುವುದು ಪರದೇಶಿ ಮಾತಲ್ಲವೇ?

ಈ ಪ್ರಶ್ನೆಗೆ ಸ್ವಲ್ಪ ಜಾಗ ಬೇಕು.

ಮೊದಲು ಆ ಋಗ್ವೇದದ ಮಾತನ್ನೇ ನೋಡಿ. ಇರುವುದು ಒಂದೇ, ತಿಳಿದವರು ಅದನ್ನು ಹಲವು ಬಗೆಯಲ್ಲಿ ಹೇಳುತ್ತಾರೆ ಅನ್ನುತ್ತದೆ. "ಇರುವುದು ಹಲವು" ಅನ್ನುವುದಿಲ್ಲ, "ಯಾರು ಏನಂದರೂ ಸರಿ" ಅಂತಲೂ ಅಲ್ಲ. ಅದೊಂದು ಗಟ್ಟಿ ಪ್ರತಿಪಾದನೆ. ಒಪ್ಪಬಹುದು, ಒಪ್ಪದೆ ಇರಬಹುದು. ಸಾಪೇಕ್ಷತಾವಾದ ಅಂತ ಮಾತ್ರ ಅದನ್ನು ಕರೆಯಲಾಗದು.

ಇನ್ನು ಕರ್ನಾಟಕಕ್ಕೇ ಬನ್ನಿ. ಉಡುಪಿಯ ಮಧ್ವಾಚಾರ್ಯರು ಜಗತ್ತು ಸತ್ಯ, ಭೇದ ಸತ್ಯ ಅಂದರು. ಐದು ಬಗೆಯ ಭೇದಗಳನ್ನು ಎಣಿಸಿ ಹೇಳಿದರು, ಅದ್ವೈತ ತಪ್ಪು ಅಂತ ಹೆಸರಿಟ್ಟು ಖಂಡಿಸಿದರು. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು ಅದ್ವೈತದ ಮೇಲೆ ಎತ್ತಿದ ಆಕ್ಷೇಪಗಳಿಗೆ ಮಧುಸೂದನ ಸರಸ್ವತಿ ಒಂದೊಂದಾಗಿ ಉತ್ತರ ಬರೆದರು. "ನಿಮಗೆ ದ್ವೈತ, ನಮಗೆ ಅದ್ವೈತ, ಎರಡೂ ಸರಿ" ಅಂದುಕೊಂಡು ಇಬ್ಬರೂ ಕೈಕುಲುಕಿಕೊಂಡಿದ್ದರೆ ಭಾರತದ ತತ್ತ್ವಶಾಸ್ತ್ರದ ಅರ್ಧ ಪುಸ್ತಕಗಳು ಹುಟ್ಟುತ್ತಲೇ ಇರಲಿಲ್ಲ.

ಜೈನರ ಅನೇಕಾಂತವಾದವನ್ನು ಈಗ "ಎಲ್ಲವೂ ಸರಿ" ಅನ್ನುವುದಕ್ಕೆ ಪುರಾವೆಯಾಗಿ ಎಳೆದು ತರುವುದು ರೂಢಿಯಾಗಿದೆ. ಅದು ಹೇಳುವುದು ವಸ್ತುವಿಗೆ ಹಲವು ಮುಖಗಳಿವೆ, ನಮ್ಮಂಥವರ ಪ್ರತಿ ಹೇಳಿಕೆಯೂ ಒಂದು ನಿಲುವಿನಿಂದ ಹೊರಟದ್ದು ಅಂತ. ಅದೇ ಜೈನ ದರ್ಶನದಲ್ಲಿ ಕೇವಲಜ್ಞಾನವೂ ಇದೆ: ಎಲ್ಲವನ್ನೂ ಇದ್ದ ಹಾಗೆ ಕಾಣುವ ಅರಿವು, ತೀರ್ಥಂಕರರಿಗೆ ದಕ್ಕಿದ್ದು. ಅಕಲಂಕನಂಥ ಜೈನ ತಾರ್ಕಿಕರು ಬೌದ್ಧರ ಮತವನ್ನು ಖಂಡಿಸಿದ್ದು ಬೌದ್ಧರದೂ ಒಂದು ರುಚಿ ಅಂತ ಅಲ್ಲ.

ಅಂದರೆ ಸತ್ಯಕ್ಕಾಗಿ ವಾದಿಸುವುದು ಈ ಮಣ್ಣಿಗೆ ಹೊಸದಲ್ಲ. ಎಲ್ಲ ಮತಗಳೂ ಒಂದೇ ಅನ್ನುವ ಈಗಿನ ಸರಳ ಮಾತೇ ಹೆಚ್ಚು ಹೊಸದು. ಎಲ್ಲ ಬಸ್ಸೂ ಮೆಜೆಸ್ಟಿಕ್‌ಗೇ ಹೋಗುತ್ತದೆ ಅನ್ನುವವನು ಒಂದು ಬಸ್ಸಿನ ಬೋರ್ಡನ್ನೂ ಓದಿಲ್ಲ ಅಂತ ಅರ್ಥ. ಬೌದ್ಧರ ನಿರ್ವಾಣ, ಮಾಧ್ವರ ಮೋಕ್ಷ, ಕ್ರೈಸ್ತರು ಎದುರುನೋಡುವ ದೇಹದ ಪುನರುತ್ಥಾನ, ಇವು ಒಂದೇ ನಿಲ್ದಾಣದ ಮೂರು ಹೆಸರುಗಳಲ್ಲ. ಒಂದೇ ಅನ್ನುವುದು ಮೂವರಿಗೂ ಮಾಡುವ ಅವಮರ್ಯಾದೆ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಅಂದರೂ.

ಆನೆ ಮುಟ್ಟಿದ ಕುರುಡರ ಕಥೆಗೆ ಏನು ಹೇಳುತ್ತೀರಿ?

ಒಬ್ಬ ಕಾಲು ಮುಟ್ಟಿ ಕಂಬ ಅಂದ, ಇನ್ನೊಬ್ಬ ಕಿವಿ ಮುಟ್ಟಿ ಮೊರ ಅಂದ. ಧರ್ಮಗಳೂ ಹಾಗೇ ಅನ್ನುತ್ತಾರೆ. ಇದಕ್ಕೆ ನಾನು ಕೇಳಿರುವ ಅತ್ಯುತ್ತಮ ಉತ್ತರ ಲೆಸ್ಲಿ ನ್ಯೂಬಿಗಿನ್ ಅವರದು. ಅವರು ಇಂಗ್ಲೆಂಡಿನವರು, 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ ಚರ್ಚ್) ಹುಟ್ಟಿದಾಗ ಅದರ ಮೊದಲ ಬಿಷಪ್‌ಗಳಲ್ಲಿ ಒಬ್ಬರು. ತಮಿಳುನಾಡಿನಲ್ಲಿ ದಶಕಗಳ ಕಾಲ ಇದ್ದು 1974ರಲ್ಲಿ ತಾಯ್ನಾಡಿಗೆ ಮರಳಿದಾಗ, ತನ್ನದೇ ದೇಶ ಸುವಾರ್ತೆಯನ್ನು "ನಿಮ್ಮ ವೈಯಕ್ತಿಕ ಅಭಿಪ್ರಾಯ" ಅಂತ ಬದಿಗಿಡುವುದನ್ನು ಕಂಡು ಬೆರಗಾದವರು. ಅವರು ಎತ್ತಿ ತೋರಿಸಿದ್ದು ಇಷ್ಟು: ಈ ಕಥೆಯನ್ನು ಹೇಳುತ್ತಿರುವವನು ಯಾರು? ಕುರುಡರು ಮುಟ್ಟುತ್ತಿರುವುದು ಆನೆಯನ್ನೇ ಅಂತ ಅವನಿಗೆ ಹೇಗೆ ಗೊತ್ತು? ಅವನೊಬ್ಬನಿಗೆ ಕಣ್ಣಿದೆ. ಎಲ್ಲ ಧರ್ಮದವರೂ ಕುರುಡರು, ನಾನು ಮಾತ್ರ ಇಡೀ ಆನೆಯನ್ನು ಕಂಡೆ ಅನ್ನುವುದು ವಿನಯದ ಬಟ್ಟೆ ತೊಟ್ಟ ದೊಡ್ಡ ಹಕ್ಕುಸಾಧನೆ.

ಇದಕ್ಕೆ ನಾನು ಒಂದು ಮಾತು ಸೇರಿಸುತ್ತೇನೆ. ಆ ಕಥೆಯಲ್ಲಿ ಆನೆ ಬಾಯಿ ಬಿಡುವುದಿಲ್ಲ. ಕ್ರೈಸ್ತರ ನಂಬಿಕೆಯ ಪ್ರಕಾರ ದೇವರು ಮಾತಾಡಿದ್ದಾನೆ. ನಾವೆಲ್ಲರೂ ಕುರುಡರೇ ಅನ್ನುವುದನ್ನು ಒಪ್ಪಿಕೊಂಡ ಮೇಲೂ ಆ ಒಂದು ಸಾಧ್ಯತೆ ಉಳಿಯುತ್ತದೆ.

ಈ ವಿಚಾರದಲ್ಲಿ ಕ್ರೈಸ್ತರಲ್ಲೇ ಒಮ್ಮತ ಇದೆಯೇ?

ಇಲ್ಲ. ನ್ಯೂಬಿಗಿನ್ ಅವರಿದ್ದ ಅದೇ ದಕ್ಷಿಣ ಭಾರತ ಸಭೆಯವರು ಸ್ಟ್ಯಾನ್ಲಿ ಸಮರ್ಥ. ನಮ್ಮ ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದವರು. ಜಾಗತಿಕ ಸಭೆಗಳ ಒಕ್ಕೂಟ 1971ರಲ್ಲಿ ಸರ್ವಧರ್ಮ ಸಂವಾದಕ್ಕೆ ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರಾದರು. ಅವರು ಕ್ರಿಸ್ತನೊಬ್ಬನೇ ದಾರಿ ಅನ್ನುವ ಹಕ್ಕುಸಾಧನೆಯನ್ನು ಬಿಗಿಹಿಡಿಯಬಾರದು, ದೇವರ ರಹಸ್ಯ ಯಾವ ಒಂದು ಧರ್ಮದ ಹಿಡಿತಕ್ಕೂ ಸಿಗುವುದಿಲ್ಲ ಅಂತ ವಾದಿಸಿದರು. ಒಂದೇ ಸಭೆಯ ಇಬ್ಬರು, ಎರಡು ದಿಕ್ಕು.

ನನ್ನ ಒಲವು ನ್ಯೂಬಿಗಿನ್ ಕಡೆಗೆ. ಆದರೆ ಸಮರ್ಥರ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿದವರು ಕರಾವಳಿಯಲ್ಲಿ ಅಕ್ಕಪಕ್ಕದ ಮನೆಯವರ ಜೊತೆ ಬಾಳುವುದು ಏನು ಅಂತ ಯೋಚಿಸಿಲ್ಲ ಅಂತಲೇ ನನ್ನ ಅನಿಸಿಕೆ.

ಯೇಸುವಿನ ಹೆಸರೇ ಕೇಳದೆ ಸತ್ತವರ ಗತಿ?

ಕ್ಯಾಥೊಲಿಕ್ ಸಭೆ ಲೋಕದ ಬಿಷಪ್‌ಗಳೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಾಧ್ಯ ಅಂತ ಕಲಿಸಿತು. ಪ್ರಾಟೆಸ್ಟಂಟರಲ್ಲಿ ಹಲವರು ಅಷ್ಟು ದೂರ ಹೋಗುವುದಿಲ್ಲ. ತೀರ್ಪು ನನ್ನ ಇಲಾಖೆಯಲ್ಲ. ನ್ಯಾಯಾಧೀಶ ನನಗಿಂತ ಕರುಣೆಯುಳ್ಳವನು ಅನ್ನುವುದಷ್ಟು ಗೊತ್ತು.

ಹಾಗಾದರೆ ಬೇರೆ ಧರ್ಮಗಳಲ್ಲಿ ಸತ್ಯವೇ ಇಲ್ಲ ಅನ್ನುತ್ತೀರಾ?

ಅನ್ನುವುದಿಲ್ಲ. ಸತ್ಯ ಎಲ್ಲಿ ಸಿಕ್ಕರೂ ಅದು ದೇವರದೇ ಅನ್ನುವುದು ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನನ ಕಾಲದಿಂದಲೂ ಬಂದ ಮಾತು. ಎರಡನೆಯ ಶತಮಾನದ ಜಸ್ಟಿನ್, ಸುಮಾರು 165ರಲ್ಲಿ ನಂಬಿಕೆಗಾಗಿ ತಲೆ ಕೊಟ್ಟವನು, ಗ್ರೀಕ್ ತತ್ತ್ವಜ್ಞಾನಿಗಳಲ್ಲೂ ದೇವರ ವಾಕ್ಯದ ಬೀಜಗಳು ಬಿದ್ದಿವೆ ಅಂದ. ಪೌಲ ಅಥೇನೆ (ಅಥೆನ್ಸ್) ಪಟ್ಟಣದ ಅರಿಯೊಪಾಗ ಅನ್ನುವ ಸಭಾಸ್ಥಳದಲ್ಲಿ ಮಾತಾಡುವಾಗ ಯೆಹೂದಿ ಪ್ರವಾದಿಗಳನ್ನು ಉದ್ಧರಿಸುವುದಿಲ್ಲ. ಅಲ್ಲಿನವರ ಕವಿಗಳನ್ನೇ ಉದ್ಧರಿಸುತ್ತಾನೆ. 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಳ್ಳಿಹಾಕುವುದಿಲ್ಲ ಅನ್ನುತ್ತದೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು ಕ್ರಿಸ್ತನನ್ನು ಸಾರಲಿಕ್ಕೆ, ಅದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಅದೇ ಮನುಷ್ಯ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಓಲೆಗರಿ ಹಸ್ತಪ್ರತಿಗಳಿಂದ ಎತ್ತಿ ಅಚ್ಚು ಹಾಕಿಸಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದರು. ಎದುರಿನವನ ಗ್ರಂಥವನ್ನು ಅಕ್ಷರ ತಪ್ಪದಂತೆ ಉಳಿಸುವುದು, ಅವನ ಮತವನ್ನು ಒಪ್ಪದಿರುವುದು, ಎರಡೂ ಒಂದೇ ಮೇಜಿನ ಮೇಲೆ ನಡೆಯಿತು. ಆ ಕಾಲದ ಮಿಶನರಿಗಳ ಬರಹಗಳಲ್ಲಿ ನಮ್ಮ ಆಚಾರಗಳ ಬಗ್ಗೆ ಓದಿದರೆ ಮುಜುಗರವಾಗುವ ಮಾತುಗಳೂ ಇವೆ, ಅದನ್ನು ಮುಚ್ಚಿಡಬೇಕಿಲ್ಲ.

"ನಮಗೆ ಸತ್ಯ ಗೊತ್ತು" ಅನ್ನುವುದು ಅಹಂಕಾರವಲ್ಲವೇ?

ಆಗಬಹುದು. ಬಹಳ ಸಲ ಆಗಿದೆ. ಆದರೆ ಸತ್ಯ ಪೂರ್ಣ ಅನ್ನುವುದಕ್ಕೂ ನನ್ನ ಅರಿವು ಪೂರ್ಣ ಅನ್ನುವುದಕ್ಕೂ ಬಹಳ ಅಂತರವಿದೆ. ಈಗ ಕನ್ನಡಿಯಲ್ಲಿ ಮಸುಕಾಗಿ ಕಾಣುತ್ತೇವೆ, ಅರಿತದ್ದು ಅಲ್ಪ ಅಂದವನು ಬೇರೆ ಯಾರೂ ಅಲ್ಲ, ಪೌಲನೇ. ತಪ್ಪು ಮಾಡಬಲ್ಲೆ ಅಂತ ಹೇಳಲು ಕೂಡ ಸರಿಯಾದದ್ದು ಒಂದು ಇರಬೇಕು. ಎಲ್ಲರದೂ ಸರಿಯೇ ಆದ ಲೋಕದಲ್ಲಿ ಯಾರೂ ಎಂದೂ ತಿದ್ದಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಸತ್ಯ ನಮ್ಮದೇ ಅಂದವರೇ ತಾನೇ ರಕ್ತ ಹರಿಸಿದ್ದು?

ಹೌದು. ಇದಕ್ಕೆ "ಅವರು ನಿಜವಾದ ಕ್ರೈಸ್ತರಲ್ಲ" ಅನ್ನುವ ಸುಲಭದ ಉತ್ತರ ನನಗೆ ಸೇರುವುದಿಲ್ಲ. ಗೋವಾದ ಇನ್‌ಕ್ವಿಸಿಷನ್ 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 1812ರವರೆಗೆ ನಡೆಯಿತು. ಹೊಸದಾಗಿ ಕ್ರೈಸ್ತರಾದವರು ಮನೆಯೊಳಗೆ ಹಳೆಯ ಆಚಾರ ಇಟ್ಟುಕೊಂಡಿದ್ದಾರೆಯೇ ಅಂತ ಹುಡುಕಿ ಶಿಕ್ಷಿಸಿದ ಸಂಸ್ಥೆ ಅದು. ಆಗ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದ ಕೊಂಕಣಿ ಕ್ರೈಸ್ತರಲ್ಲಿ ಬರ, ಯುದ್ಧ, ತೆರಿಗೆಗೆ ಹೆದರಿ ಬಂದವರಿದ್ದರು. ಈ ನ್ಯಾಯಮಂಡಳಿಗೆ ಹೆದರಿ ಬಂದವರೂ ಇದ್ದರು. ಅವರ ಸಂತತಿಯೇ ಇಂದಿನ ಮಂಗಳೂರು ಕ್ಯಾಥೊಲಿಕರ ದೊಡ್ಡ ಪಾಲು. 1784ರಲ್ಲಿ ಟಿಪ್ಪು ಸುಲ್ತಾನ್ ಆಜ್ಞೆಯಂತೆ ಇದೇ ಸಮುದಾಯ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆಯಿತು. ಒಂದು ಸಲ ತಮ್ಮದೇ ಧರ್ಮದ ಅಧಿಕಾರದಿಂದ, ಇನ್ನೊಂದು ಸಲ ಬೇರೆಯವರ ಅಧಿಕಾರದಿಂದ ನರಳಿದವರು. ಬಲವಂತ ಯಾರ ಕೈಯಲ್ಲಿದ್ದರೂ ಬಲವಂತವೇ ಅನ್ನುವುದಕ್ಕೆ ಅವರಿಗೆ ಪಾಠ ಬೇಕಿಲ್ಲ.

ಇಷ್ಟು ಒಪ್ಪಿಕೊಂಡು ಒಂದು ಮಾತು ಕೇಳುತ್ತೇನೆ: ಇನ್‌ಕ್ವಿಸಿಷನ್ ತಪ್ಪು ಅನ್ನುತ್ತೀರಲ್ಲ, ಅದು ನಿಮಗೆ ಮಾತ್ರ ತಪ್ಪೋ, ಆಗಿನವರಿಗೂ ತಪ್ಪೋ? ಆಗಿನವರಿಗೂ ತಪ್ಪು ಅನ್ನುವುದಾದರೆ ನಾವಿಬ್ಬರೂ ಒಂದೇ ಕಡೆ ನಿಂತಿದ್ದೇವೆ. ನಂಬಿಕೆಯನ್ನು ಬಲವಂತ ಮಾಡುವುದು ಧರ್ಮದ ಕೆಲಸವಲ್ಲ ಅಂತ ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಬರಹಗಾರ ಟೆರ್ಟುಲಿಯನ್ ಮೂರನೆಯ ಶತಮಾನದ ಆರಂಭದಲ್ಲೇ ರೋಮನ್ ಅಧಿಕಾರಿಗೆ ಬರೆದಿದ್ದ. ಸಭೆಯ ಕೈಗೆ ಅಧಿಕಾರ ಬಂದ ಮೇಲೆ ಆ ಮಾತು ಮೂಲೆಗೆ ಬಿತ್ತು. 1965ರ ಡಿಸೆಂಬರ್ 7ರಂದು ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ಸತ್ಯ ತನ್ನ ಸತ್ಯದ ಬಲದಿಂದಲೇ ಮನಸ್ಸನ್ನು ಗೆಲ್ಲಬೇಕು, ಬೇರೆ ಬಲದಿಂದಲ್ಲ ಅಂದಿತು. ಅಷ್ಟು ಹೇಳಲು ಅಷ್ಟು ಶತಮಾನ ಬೇಕಾಯಿತು ಅನ್ನುವುದು ನಾಚಿಕೆಯ ಸಂಗತಿ.

ನೀತಿ ಒಂದೊಂದು ಸಂಸ್ಕೃತಿಗೆ ಒಂದೊಂದು ಅನ್ನುವುದರಲ್ಲಿ ಏನು ತಪ್ಪು?

ಸೀರೆಯೋ ಪ್ಯಾಂಟೋ, ಕೈಯಲ್ಲಿ ಊಟವೋ ಚಮಚೆಯಲ್ಲೋ, ಇಷ್ಟಕ್ಕೆ ನಿಂತರೆ ಏನೂ ತಪ್ಪಿಲ್ಲ. 1947ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ರೂಪಿಸುತ್ತಿದ್ದಾಗ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ಒಂದು ಎಚ್ಚರಿಕೆ ಕೊಟ್ಟಿತು: ಮೌಲ್ಯಗಳು ಆಯಾ ಸಂಸ್ಕೃತಿಗೆ ಸಾಪೇಕ್ಷ, ಪಶ್ಚಿಮದ ಮೌಲ್ಯಗಳನ್ನು ಲೋಕಕ್ಕೆಲ್ಲ ಹೇರಬೇಡಿ. ವಸಾಹತುಶಾಹಿಯ ದರ್ಪ ಕಂಡವರಿಗೆ ಈ ಕಾಳಜಿ ಅರ್ಥವಾಗುತ್ತದೆ. ಆದರೆ ಘೋಷಣೆ ರೂಪಿಸುತ್ತಿದ್ದ ಮೇಜಿನ ಸುತ್ತ ಕೂತಿದ್ದವರು ಬರೀ ಪಶ್ಚಿಮದವರಲ್ಲ. ಲೆಬನಾನಿನ ಕ್ರೈಸ್ತ ತತ್ತ್ವಜ್ಞಾನಿ ಚಾರ್ಲ್ಸ್ ಮಲಿಕ್ ಇದ್ದರು, ಚೀನಾದ ಪಿ.ಸಿ. ಚಾಂಗ್ ಇದ್ದರು. ನಮ್ಮ ಹಂಸಾ ಮೆಹ್ತಾ ಇದ್ದರು. "ಎಲ್ಲ ಪುರುಷರೂ ಸ್ವತಂತ್ರರಾಗಿ ಹುಟ್ಟುತ್ತಾರೆ" ಅಂತ ಓದಿಕೊಳ್ಳಬಹುದಾಗಿದ್ದ ಸಾಲನ್ನು "ಎಲ್ಲ ಮಾನವರೂ" ಅಂತ ತಿದ್ದಿಸಿದವರು ಅವರು. ಆ ತಿದ್ದುಪಡಿ ಭಾರತದ ಹೆಣ್ಣುಮಕ್ಕಳಿಗೆ ಮಾತ್ರ ಅನ್ವಯ ಅಂತ ಅವರು ಕೇಳಲಿಲ್ಲ. 1999ರಲ್ಲಿ ಅದೇ ಮಾನವಶಾಸ್ತ್ರಜ್ಞರ ಸಂಘ ಮಾನವ ಹಕ್ಕುಗಳನ್ನು ಎತ್ತಿಹಿಡಿದು ಹೊಸ ಘೋಷಣೆ ಮಾಡಿತು.

"ಅದು ನಮ್ಮ ಸಂಪ್ರದಾಯ, ನೀವು ಬಾಯಿ ಹಾಕಬೇಡಿ" ಅನ್ನುವ ಮಾತು ಸಾಮಾನ್ಯವಾಗಿ ಯಾರ ಬಾಯಿಂದ ಬರುತ್ತದೆ ನೋಡಿ. ಕೆರೆಯ ನೀರು ಮುಟ್ಟಬೇಡ ಅನ್ನಿಸಿಕೊಂಡವರ ಬಾಯಿಂದ ಬಂದದ್ದು ನಾನು ಕೇಳಿಲ್ಲ. ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು ಅನ್ನುವ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮಾತು ನಿಜವಾದರೆ ಅದು ಎಲ್ಲ ಕೇರಿಯಲ್ಲೂ ನಿಜ. ನಮ್ಮ ಸಭೆಗಳಲ್ಲೇ ಜಾತಿ ನೋಡಿ ಕೂರಿಸಿದ, ಸ್ಮಶಾನದಲ್ಲಿ ಗೋಡೆ ಎಬ್ಬಿಸಿದ ಚರಿತ್ರೆ ಇದೆಯಲ್ಲ, ಅದನ್ನು ಖಂಡಿಸಲಿಕ್ಕೂ ಇದೇ ಮಾತು ಬೇಕು.

ಬೈಬಲನ್ನೇ ಕಾಲಕ್ಕೆ ತಕ್ಕ ಹಾಗೆ ಓದಿಕೊಂಡಿಲ್ಲವೇ? ಗುಲಾಮಗಿರಿಯನ್ನು ಸಮರ್ಥಿಸಿದ್ದೂ ಬೈಬಲಿನಿಂದಲೇ ತಾನೇ?

ಹೌದು, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಾಗೆ ಸಮರ್ಥಿಸಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಇಂಗ್ಲೆಂಡಿನ ಸಂಸದ ವಿಲ್ಬರ್‌ಫೋರ್ಸ್‌ರಂಥವರೂ ಬೈಬಲನ್ನೇ ಹಿಡಿದಿದ್ದರು. ಒಂದು ಓದು ಇನ್ನೊಂದಕ್ಕಿಂತ ಸರಿ ಅನ್ನಲು ಸಾಧ್ಯವಿರುವುದರಿಂದಲೇ ಆ ಹೋರಾಟಕ್ಕೆ ಅರ್ಥ. ಎಲ್ಲವೂ ಕಲ್ಲಿನಲ್ಲಿ ಕೆತ್ತಿದ್ದು ಅಂತಲೂ ಬೈಬಲ್ ಹೇಳುವುದಿಲ್ಲ. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ಅನ್ಯಜನರಿಗೆ, ಅಂದರೆ ಯೆಹೂದಿಗಳಲ್ಲದ ವಿಶ್ವಾಸಿಗಳಿಗೆ, ಸುನ್ನತಿ ಬೇಕಿಲ್ಲ ಅಂತ ತೀರ್ಮಾನಿಸಿತು. ರೋಮಾಪುರದವರಿಗೆ ಬರೆದ ಪತ್ರದ 14ರಲ್ಲಿ ಊಟ, ಹಬ್ಬದ ದಿನಗಳನ್ನು ಅವರವರ ಮನಸ್ಸಾಕ್ಷಿಗೆ ಬಿಟ್ಟಿದೆ. ಯಾವುದು ಬದಲಾಗಬಹುದು, ಯಾವುದು ಆಗದು ಅನ್ನುವ ವಿವೇಚನೆ ಕಷ್ಟದ ಕೆಲಸ, ಕ್ರೈಸ್ತರು ಅದರ ಮೇಲೆ ಇಂದಿಗೂ ಕಿತ್ತಾಡುತ್ತಾರೆ.

ಆಫೀಸಿನಲ್ಲಿ ಆಯುಧ ಪೂಜೆ. ಪ್ರಸಾದ ಕೊಟ್ಟರೆ ತೆಗೆದುಕೊಳ್ಳಬಹುದೇ?

ಎಲ್ಲ ತತ್ತ್ವಶಾಸ್ತ್ರಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು. ಮಾನಿಟರ್ ಮೂಲೆಯಲ್ಲಿ ಕುಂಕುಮದ ಬೊಟ್ಟು, ಪ್ರಿಂಟರ್ ಮೇಲೆ ಚೆಂಡುಹೂವು, ಬೈಕಿನ ಚಕ್ರದಡಿ ನಿಂಬೆಹಣ್ಣು, ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ಹೌಸ್‌ಕೀಪಿಂಗ್ ಅಕ್ಕ ಕಡ್ಲೆಪುರಿ, ಸಿಹಿ ಹಾಕಿದ ಪೊಟ್ಟಣ ಹಿಡಿದು ಡೆಸ್ಕಿನಿಂದ ಡೆಸ್ಕಿಗೆ ಬರುತ್ತಿದ್ದಾಳೆ. ನೀವು ಏನು ಮಾಡುತ್ತೀರಿ?

ಕೊರಿಂಥದವರೂ ಪೌಲನನ್ನು ಇದನ್ನೇ ಕೇಳಿದ್ದರು. ಮೊದಲ ಪತ್ರದ 8ರಿಂದ 10ನೆಯ ಅಧ್ಯಾಯಗಳು ಹೆಚ್ಚಾಗಿ ಇದರ ಸುತ್ತಲೇ ಇವೆ. ಅವನ ಉತ್ತರ ಎರಡು ಎಳೆಯದು. ಪೂಜೆಯ ಪಂಕ್ತಿಯಲ್ಲೇ ಕೂತು ಪಾಲುಗೊಳ್ಳಬೇಡಿ, ಏಕೆಂದರೆ ಆರಾಧನೆ ಒಬ್ಬನಿಗೇ. ಆದರೆ ಮಾರುಕಟ್ಟೆಯಲ್ಲಿ ಮಾರುವುದನ್ನು, ಗೆಳೆಯನ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ; ಯಾರಾದರೂ ಇದು ನೈವೇದ್ಯ ಅಂತ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ. ಇದರಿಂದಲೇ ಕೆಲವರು ಪೊಟ್ಟಣ ತೆಗೆದುಕೊಳ್ಳುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಬೇಡ ಅನ್ನುವವರು ದಯವಿಟ್ಟು ಮುಖ ಸಿಂಡರಿಸಬೇಡಿ. "ಅಕ್ಕಾ, ನಮ್ಮಲ್ಲಿ ತಗೊಳ್ಳಲ್ಲ, ಬೇಜಾರು ಮಾಡ್ಕೋಬೇಡಿ, ಹಬ್ಬ ಚೆನ್ನಾಗಿ ಆಗಲಿ" ಅಂದರೆ ಆಕೆಗೆ ಖಂಡಿತ ಅರ್ಥವಾಗುತ್ತದೆ. ಅವಳ ಮನೆಯಲ್ಲೂ ಶ್ರಾವಣದಲ್ಲಿ ಬೇಡ ಅನ್ನುವ ಪದಾರ್ಥಗಳಿರುತ್ತವೆ. ತೆಗೆದುಕೊಂಡವರನ್ನು ಭಾನುವಾರ ಸಭೆಯಲ್ಲಿ ಓರೆಗಣ್ಣಿಂದ ನೋಡುವುದಂತೂ ಪೌಲ ಬೈದ ತಪ್ಪೇ.

ಬೇರೆಯವರಿಗೆ ಸುವಾರ್ತೆ ಹೇಳುವುದು ಕಾನೂನುಬಾಹಿರವೇ?

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಜೊತೆಗೆ ಪ್ರಸಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕಾನೂನಿನ ಮಾತು ಬಿಟ್ಟರೂ, ಹಣ, ಕೆಲಸ, ಬೆದರಿಕೆ ತೋರಿಸಿ ಕರೆತಂದ ನಂಬಿಕೆ ನಂಬಿಕೆಯೇ ಅಲ್ಲ. ಯೇಸುವಿನ ಶಿಷ್ಯ ಪೇತ್ರ ಹೇಳಿದ ರೀತಿ ಸಾಕು: ಕೇಳಿದವರಿಗೆ ಉತ್ತರ ಕೊಡಿ, ಸಾತ್ವಿಕತೆಯಿಂದ ಮತ್ತು ಗೌರವದಿಂದ.

ಕಾಲೇಜಿಗೆ ಹೋದ ಮಗಳು "ಅದು ನಿಮ್ಮ ಸತ್ಯ, ನನ್ನದಲ್ಲ" ಅನ್ನುತ್ತಾಳೆ. ಏನು ಮಾಡಲಿ?

ಮೊದಲು, ಪಾಸ್ಟರ್‌ಗೋ ಫಾದರ್‌ಗೋ ಫೋನ್ ಮಾಡಬೇಡಿ. ಆ ಮಾತಿನ ಹಿಂದೆ ಏನಿದೆ ಅಂತ ಅವಳನ್ನೇ ಕೇಳಿ. ಬೇರೆ ಮತದ ಗೆಳತಿ ನರಕಕ್ಕೆ ಹೋಗುತ್ತಾಳೆ ಅಂತ ಯಾರೋ ಹೇಳಿದ್ದು ಚುಚ್ಚಿರಬಹುದು, ಸಭೆಯ ದೊಡ್ಡವರ ಎರಡು ನಾಲಿಗೆ ಕಂಡಿರಬಹುದು, ಅಥವಾ ನೀವು ಒಂದು ಪ್ರಶ್ನೆಗೂ ಉತ್ತರ ಕೊಡದೆ "ಸುಮ್ಮನೆ ನಂಬು" ಅಂದಿರಬಹುದು. ಈ ಮೂರಕ್ಕೂ ಸಾಪೇಕ್ಷತಾವಾದದ ಖಂಡನೆ ಮದ್ದಲ್ಲ. ಮನೆಯಲ್ಲಿ ಸುಳ್ಳು ಹೇಳದೆ ಇರುವುದು, ತಪ್ಪಾದಾಗ ಮಕ್ಕಳ ಎದುರೇ ಕ್ಷಮೆ ಕೇಳುವುದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುವುದು, ಇವಿಲ್ಲದೆ ನಿರಪೇಕ್ಷ ಸತ್ಯದ ಭಾಷಣ ಮಾಡಿದರೆ ಮಕ್ಕಳು ಒಳಗೊಳಗೇ ನಗುತ್ತಾರೆ.

ನನಗೇ ಸಂಶಯಗಳಿವೆ. ಎಲ್ಲಿಂದ ಶುರು ಮಾಡಲಿ?

ಮಾರ್ಕನ ಸುವಾರ್ತೆಯಿಂದ. 16 ಅಧ್ಯಾಯ, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಹಳೆಯ ಅನುವಾದದ ಕನ್ನಡ ತೊಡಕಾದರೆ ಹೊಸ ಅನುವಾದ ತೆಗೆದುಕೊಳ್ಳಿ. ವ್ಯಾಖ್ಯಾನ, ಯೂಟ್ಯೂಬ್ ವಾದವಿವಾದ ಯಾವುದೂ ಸದ್ಯಕ್ಕೆ ಬೇಡ. ಓದುತ್ತಾ ನಂಬಲಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಒಂಬತ್ತನೆಯ ಅಧ್ಯಾಯದಲ್ಲಿ ನಿಮ್ಮ ಹಾಗೆಯೇ ಅರ್ಧ ನಂಬಿ ಅರ್ಧ ನಂಬದ ಒಬ್ಬ ತಂದೆ ಸಿಗುತ್ತಾನೆ. ಆಮೇಲೆ ಆ ಗುರುತುಗಳನ್ನು ಹಿಡಿದು, ನಿಮ್ಮ ಮೇಲೆ ಕೂಗಾಡದ ಒಬ್ಬ ವಿಶ್ವಾಸಿಯ ಜೊತೆ ಮತ್ತು ನಂಬದ ಒಬ್ಬ ಒಳ್ಳೆಯ ಗೆಳೆಯನ ಜೊತೆ ಕೂತು ಮಾತಾಡಿ, ಬೇರೆ ಬೇರೆ ದಿನ.